ಮನೆತನದ ಇತಿಹಾಸ ಹುಡುಕುವವರಿಗೆ ಬಣ್ಣದ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯಿಂದ ಮೈಸೂರಿಗೆ ಬಂದು ನೆಲೆಸಿದ ಕುಟುಂಬ ನಮ್ಮದು. ಏಳು ವರ್ಷಗಳಿಂದ ಮನೆತನದ ಹಿಂದಿನ ಕಥೆ ಹುಡುಕುತ್ತಿದ್ದೇನೆ. ಹುಡುಕಾಟಕ್ಕಿಂತ ಹೆಚ್ಚು ತಲೆನೋವು ಕೊಟ್ಟದ್ದು ಹುಡುಕಬೇಕಾದವುಗಳ ಪಟ್ಟಿ. ಅದನ್ನು ಬಣ್ಣಗಳಿಂದ ಹೇಗೆ ಹತೋಟಿಗೆ ತಂದೆ ಎಂದು ಮದುವೆ ಮನೆಗಳಲ್ಲಿ, ತಿಥಿ ಊಟದ ಪಂಕ್ತಿಗಳಲ್ಲಿ ನೆಂಟರು ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗಳೇ ಇಲ್ಲಿವೆ.

ಬಣ್ಣದ ಗೊಡವೆ ಏಕೆ? ಒಂದು ನೋಟ್‌ಬುಕ್ ಸಾಲದೇ?

ಇಪ್ಪತ್ತು ಕೆಲಸಗಳವರೆಗೆ ಧಾರಾಳವಾಗಿ ಸಾಲುತ್ತದೆ. ನೂರು ದಾಟಿದ ಮೇಲೆ ನೋಟ್‌ಬುಕ್ ಬಾವಿಯಾಗುತ್ತದೆ, ಹಾಕಿದ್ದು ಕಾಣುವುದಿಲ್ಲ. ಮದ್ದೂರಿನಲ್ಲಿ ಒಂದು ಕ್ರಯಪತ್ರ ನೋಡಲು ಹೋಗಿದ್ದೆ. ಅದೇ ಕಚೇರಿಯಲ್ಲಿ ನೋಡಬೇಕಿದ್ದ ಇನ್ನೆರಡು ಪತ್ರಗಳು ನೆನಪಾದದ್ದು ಮರಳುವ ಬಸ್ಸು ಶ್ರೀರಂಗಪಟ್ಟಣ ದಾಟಿದ ಮೇಲೆ. ಅವೆರಡೂ ನೋಟ್‌ಬುಕ್ಕಿನಲ್ಲಿ ಬರೆದೇ ಇದ್ದವು, ಆದರೆ ಬೇರೆ ಬೇರೆ ಪುಟಗಳಲ್ಲಿ, ಬೇರೆ ಬೇರೆ ತಾತಂದಿರ ಹೆಸರಿನ ಕೆಳಗೆ. ಬಣ್ಣ ಮಾಡುವುದು ಇಷ್ಟೇ: ಒಟ್ಟಿಗೆ ಮುಗಿಸಬಹುದಾದ ಕೆಲಸಗಳನ್ನು ದೂರದಿಂದಲೇ ಒಟ್ಟಿಗೆ ಕಾಣಿಸುತ್ತದೆ.

ಇಬ್ಬರು ತಾತ, ಇಬ್ಬರು ಅಜ್ಜಿಗೆ ನಾಲ್ಕು ಬಣ್ಣ ಕೊಡಬೇಕು ಎನ್ನುತ್ತಾರಲ್ಲ?

ವಂಶಾವಳಿ ಹುಡುಕುವವರಲ್ಲಿ ಬಹಳ ಹೆಸರಾದ ಕ್ರಮ ಅದು. ಅಪ್ಪನ ಅಪ್ಪನ ಕಡೆಗೆ ನೀಲಿ, ಅಪ್ಪನ ತಾಯಿಯ ಕಡೆಗೆ ಹಸಿರು, ತಾಯಿಯ ತಂದೆಯ ಕಡೆಗೆ ಕೆಂಪು, ತಾಯಿಯ ತಾಯಿಯ ಕಡೆಗೆ ಹಳದಿ. ನಾನೂ ಅಲ್ಲಿಂದಲೇ ಶುರು ಮಾಡಿದೆ. ಶಿವರಾಂಪೇಟೆಯ ಅಂಗಡಿಯಿಂದ ನಾಲ್ಕು ಬಣ್ಣದ ರಟ್ಟಿನ ಫೈಲು ತಂದು, ಟ್ಯಾಗು ಪೋಣಿಸಿ, ದಸರೆಯ ಗೊಂಬೆಗಳಂತೆ ಸಾಲಾಗಿ ಜೋಡಿಸಿದೆ. ಒಂದು ವರ್ಷವೂ ನಿಲ್ಲಲಿಲ್ಲ.

ಕಾರಣ ನಮ್ಮ ಮದುವೆಗಳು. ನಮ್ಮ ಅಪ್ಪ ಮದುವೆಯಾದದ್ದು ಸೋದರಮಾವನ ಮಗಳನ್ನು. ಅಂದರೆ ಅಪ್ಪನ ತಾಯಿ ಮತ್ತು ಅವ್ವನ ತಂದೆ ಒಡಹುಟ್ಟಿದವರು. ಅವರ ಅಪ್ಪನ ಕಾಗದ ಸಿಕ್ಕರೆ ಅದು ಹಸಿರು ಫೈಲಿಗೋ ಕೆಂಪು ಫೈಲಿಗೋ? ಎರಡಕ್ಕೂ. ಎಂಟು ಜನ ಇರಬೇಕಾದ ಮುತ್ತಾತ ಮುತ್ತಜ್ಜಿಯರು ನಮ್ಮ ಮನೆಯಲ್ಲಿ ಆರೇ ಜನ. ಅದರ ಹಿಂದಿನ ತಲೆಮಾರಿನಲ್ಲಿ ಒಬ್ಬರು ಅಕ್ಕನ ಮಗಳನ್ನೇ ತಂದುಕೊಂಡಿದ್ದಾರೆ, ಅಲ್ಲಿ ಬಣ್ಣಗಳು ಇನ್ನಷ್ಟು ಕಲಸಿಹೋಗುತ್ತವೆ. ಪ್ರತಿ ಕಾಗದವನ್ನೂ ಎರಡು ಜೆರಾಕ್ಸ್ ಮಾಡಿ ಎರಡೂ ಕಡೆ ಇಡುತ್ತಾ ಹೋದೆ. ಕೊನೆಗೆ ಯಾವ ಪ್ರತಿಯಲ್ಲಿ ತಿದ್ದುಪಡಿ ಬರೆದಿದ್ದೇನೆ ಎಂಬುದೇ ತಿಳಿಯದಾಯಿತು.

ನಿಮ್ಮ ಮನೆಯಲ್ಲಿ ಸೋದರ ಸಂಬಂಧಗಳು ಇಲ್ಲದಿದ್ದರೆ ನಾಲ್ಕು ಬಣ್ಣ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೈಸೂರು, ಮಂಡ್ಯದ ಕಡೆ ಅಂಥ ಮನೆಗಳನ್ನು ಹುಡುಕುವುದೇ ಒಂದು ಸಂಶೋಧನೆ.

ಹಾಗಾದರೆ ಬಣ್ಣ ಕೊಡುವುದು ಯಾವುದಕ್ಕೆ?

ಜನರಿಗಲ್ಲ, ಕೆಲಸಕ್ಕೆ. ವ್ಯಕ್ತಿಗಳಿಗೆ ಅಂಕಿ ಕೊಡಿ, ಹೆಸರು ಕೊಡಿ, ಬಣ್ಣ ಕೊಡಬೇಡಿ. ಪ್ರತಿ ಕೆಲಸವನ್ನೂ ಒಂದು ಚೀಟಿಯಲ್ಲಿ ಬರೆಯುತ್ತೇನೆ. ಆ ಕೆಲಸ ಎಲ್ಲಿ ನಡೆಯಬೇಕು ಎಂಬುದನ್ನು ಚೀಟಿಯ ಬಣ್ಣ ಹೇಳುತ್ತದೆ.

ಹಳದಿ ಎಂದರೆ ಮನೆ: ಫೋನು ಮಾಡುವುದು, ನೆಂಟರಲ್ಲಿ ಕೇಳುವುದು, ಅಟ್ಟ ಹುಡುಕುವುದು. ಅರಿಶಿನ ಮನೆಯದು ಎಂದು ನೆನಪಿಟ್ಟುಕೊಂಡೆ. ನೀಲಿ ಎಂದರೆ ಕಚೇರಿ, ಶಾಯಿಯ ಬಣ್ಣ. ಹಸಿರು ಎಂದರೆ ಊರು: ಗದ್ದೆ, ದೇವಸ್ಥಾನ, ಹಳೆಯ ಮನೆ, ಕಲ್ಲು. ಮೂರೇ ಬಣ್ಣದ ಚೀಟಿಗಳು. ಇವುಗಳ ಮೇಲೆ ಎರಡು ಬಗೆಯ ಚುಕ್ಕೆ ಅಂಟಿಸುತ್ತೇನೆ: ತಡೆಯಲಾಗದ ಕೆಲಸಕ್ಕೆ ಕೆಂಪು, ಹುಡುಕಿದರೂ ಸಿಗದೆ ಹೋದದ್ದಕ್ಕೆ ಬೂದು. ಮುಗಿದ ಕೆಲಸಕ್ಕೆ ಬಣ್ಣವೇ ಬೇಡ. ಉತ್ತರವನ್ನು ವ್ಯಕ್ತಿಯ ಹಾಳೆಗೆ ಇಳಿಸಿ ಚೀಟಿಯನ್ನು ದಬ್ಬಳಕ್ಕೆ ಚುಚ್ಚಿಬಿಡುತ್ತೇನೆ, ಹಳೆಯ ಅಂಗಡಿಗಳಲ್ಲಿ ಬಿಲ್ಲುಗಳನ್ನು ಚುಚ್ಚಿಡುತ್ತಿದ್ದರಲ್ಲ, ಹಾಗೆ.

ಒಬ್ಬ ನೆಂಟರು ಹನ್ನೊಂದು ಬಣ್ಣ ಇಟ್ಟುಕೊಂಡಿದ್ದರು. ನೇರಳೆಗೂ ಬದನೆ ಬಣ್ಣಕ್ಕೂ ಏನು ವ್ಯತ್ಯಾಸವೆಂದು ಅವರಿಗೇ ಮರೆತುಹೋಗಿತ್ತು.

ಕೆಂಪು ಚುಕ್ಕೆ ಯಾವಾಗ?

ನಮ್ಮ ಅಜ್ಜಿಯ ತಂಗಿ ಮಳವಳ್ಳಿಯ ಕಡೆಯ ಹಳ್ಳಿಯಲ್ಲಿದ್ದರು, ತೊಂಬತ್ತು ದಾಟಿತ್ತು. ಹೊಳೆಯಾಚೆಯಿಂದ ಸೊಸೆಯಾಗಿ ಬಂದ ಮುತ್ತಜ್ಜಿಯ ತವರು ಯಾವುದೆಂದು ತಿಳಿದಿದ್ದವರು ಅವರೊಬ್ಬರೇ. ಕಬ್ಬು ಕಡಿದಾದ ಮೇಲೆ ಬಾ, ಮನೆಯಲ್ಲಿ ಎಲ್ಲರೂ ಇರುತ್ತಾರೆ ಎಂದಿದ್ದರು. ಆ ಚೀಟಿ ಉಳಿದ ಹಸಿರು ಚೀಟಿಗಳ ನಡುವೆ ಹಸಿರಾಗಿಯೇ ಇತ್ತು. ಕಬ್ಬು ಕಡಿಯುವ ಮುಂಚೆ ಅವರು ಹೋದರು. ನಾನು ಆ ಊರಿಗೆ ಹೋದದ್ದು ತಿಥಿಗೆ.

ಕೆಂಪು ಚುಕ್ಕೆ ಬಂದದ್ದು ಆಮೇಲೆ. ಎಂಬತ್ತು ದಾಟಿದ ಯಾರನ್ನೇ ಕೇಳಬೇಕಿದ್ದರೂ ಕೆಂಪು. ಕೆಡವಲಿರುವ ತೊಟ್ಟಿಮನೆಗೆ ಕೆಂಪು. ಗೆದ್ದಲು ಹಿಡಿದ ಕಡತಕ್ಕೆ, ಮನೆ ಮಾರಿ ಬೆಂಗಳೂರಿಗೆ ಹೊರಟವರ ಅಟ್ಟಕ್ಕೆ ಕೆಂಪು. ಸರ್ಕಾರಿ ದಾಖಲೆಗೆ ಕೆಂಪು ಬೀಳುವುದು ಅಪರೂಪ. ಅದು ನೂರು ವರ್ಷ ಕಾದಿದೆ, ಇನ್ನೊಂದು ಬೇಸಿಗೆ ಕಾಯುತ್ತದೆ. ಹೊಸಬರು ಇದನ್ನು ತಿರುಗುಮುರುಗು ಮಾಡುತ್ತಾರೆ. ಮೊದಲು ಪಹಣಿ, ಶಾಸನ ಎಂದು ಓಡಾಡಿ, ಮನೆಯ ಮುದುಕರನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಕೆಂಪು ಚುಕ್ಕೆಯ ಚೀಟಿಗಳು ಒಮ್ಮೆಗೆ ಐದಕ್ಕಿಂತ ಹೆಚ್ಚಿರಬಾರದು. ಎಲ್ಲವೂ ಕೆಂಪಾದರೆ ಯಾವುದೂ ಕೆಂಪಲ್ಲ.

ಹಳದಿ ಚೀಟಿಯಲ್ಲಿ ಏನೇನು ಬರೆಯಬೇಕು?

ಮೊದಲು ಮುಯ್ಯಿ ಪುಸ್ತಕ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಹಾಕಿದರು ಎಂದು ಬರೆದಿಟ್ಟ ಉದ್ದನೆಯ ಪುಸ್ತಕ ಎಲ್ಲ ಮನೆಗಳಲ್ಲೂ ಇರುತ್ತದೆ. ಅದನ್ನು ಲೆಕ್ಕದ ಪುಸ್ತಕ ಎಂದು ಯಾರೂ ತೆರೆಯುವುದಿಲ್ಲ. ನಿಜಕ್ಕೂ ಅದು ಒಂದು ದಿನದ ನೆಂಟಸ್ತಿಕೆಯ ಪೂರ್ತಿ ಪಟ್ಟಿ: ಹೆಸರು, ಊರು, ಎಷ್ಟು ಹತ್ತಿರದವರು ಎಂಬುದನ್ನು ಹೇಳುವ ಮೊತ್ತ. ಐದು ರೂಪಾಯಿ ಹಾಕಿದವರ ಸಾಲಿನಲ್ಲಿ ಒಬ್ಬರೇ ಐವತ್ತೊಂದು ಹಾಕಿ ಪಕ್ಕದಲ್ಲಿ ಸೀರೆ ಎಂದು ಬರೆಸಿದ್ದರೆ ಅವರು ಯಾರೆಂದು ಕೇಳಲೇಬೇಕು. ನಮ್ಮ ಮನೆಯಲ್ಲಿ ಹಾಗೆ ಕೇಳಿದ್ದರಿಂದಲೇ ಎರಡು ತಲೆಮಾರು ಮಾತು ಬಿಟ್ಟಿದ್ದ ಒಂದು ಕವಲು ಸಿಕ್ಕಿತು.

ಆಮೇಲೆ ಲಗ್ನಪತ್ರಿಕೆಗಳು, ತಿಥಿ ಕಾಗದಗಳು. ತಿಥಿ ಕಾಗದದ ಕೆಳಗೆ ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು ಎಂದು ಅಚ್ಚಾಗಿರುವ ಪಟ್ಟಿಯಷ್ಟು ಖಚಿತವಾದ ದಾಖಲೆ ಬೇರೆ ಇಲ್ಲ. ಯಾರ ಹೆಸರು ಬಿಟ್ಟುಹೋಗಿದೆ ಎಂಬುದೂ ಒಂದು ಸುಳಿವು. ಜಾತಕಗಳು, ಫೋಟೊಗಳ ಹಿಂಭಾಗ, ಪಾತ್ರೆಗಳ ಮೇಲೆ ಕೊರೆಸಿದ ಹೆಸರುಗಳನ್ನೂ ನೋಡಿ. ಕಾಶಿ, ಗಯೆಗೆ ಹೋಗಿ ಬಂದವರು ಇದ್ದರೆ ಯಾವ ಪಂಡಾ, ಅಂದರೆ ತೀರ್ಥಕ್ಷೇತ್ರದ ಪುರೋಹಿತರ, ಮನೆಯಲ್ಲಿ ಇಳಿದಿದ್ದರು ಎಂದು ಕೇಳಿಡಿ. ಅಲ್ಲಿನವರು ಯಾತ್ರಿಕರ ಹೆಸರು, ಊರು, ವಂಶಗಳನ್ನು ವಹಿಗಳಲ್ಲಿ ಬರೆದಿಡುತ್ತಾ ಬಂದಿದ್ದಾರೆ.

ನೀಲಿ ಚೀಟಿ ಹಿಡಿದು ಯಾವ ಕಚೇರಿಗೆ ಹೋಗಬೇಕು?

ಇಲ್ಲಿ ಸ್ವಲ್ಪ ನಿಧಾನ ಬೇಕು, ಏಕೆಂದರೆ ಊರು ಇಂದು ಇರುವ ಜಿಲ್ಲೆಯಲ್ಲೇ ಅದರ ಹಳೆಯ ಕಾಗದ ಇರಬೇಕೆಂದಿಲ್ಲ. ಮಂಡ್ಯ ಜಿಲ್ಲೆ ಮೈಸೂರು ಜಿಲ್ಲೆಯಿಂದ ಬೇರೆಯಾದದ್ದು 1939ರ ಜುಲೈ 1ರಂದು. ಅದಕ್ಕೆ ಹಿಂದಿನ ಮದ್ದೂರು, ಮಳವಳ್ಳಿಯ ಪತ್ರಗಳಲ್ಲಿ ಮೈಸೂರು ಜಿಲ್ಲೆ ಎಂದೇ ಇರುತ್ತದೆ. ಚಾಮರಾಜನಗರ ಬೇರೆಯಾದದ್ದು 1997ರಲ್ಲಿ. ಹೆಸರುಗಳೂ ಬದಲಾಗಿವೆ: ಹಳೆಯ ದಾಖಲೆಯ ಫ್ರೆಂಚ್ ರಾಕ್ಸ್ ಇಂದಿನ ಪಾಂಡವಪುರ, ಅತ್ತಿಕುಪ್ಪೆ ಇಂದಿನ ಕೃಷ್ಣರಾಜಪೇಟೆ. ಆದ್ದರಿಂದ ನೀಲಿ ಚೀಟಿಯ ತಲೆಯಲ್ಲಿ ಎರಡು ಹೆಸರು ಬರೆಯುತ್ತೇನೆ, ಆಗಿನದು ಮತ್ತು ಈಗಿನದು.

ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಹಳೆಯ ಪಹಣಿ, ಮ್ಯುಟೇಷನ್, ಸರ್ವೆ ಕಡತಗಳು ಸಿಗುತ್ತವೆ. ಮ್ಯುಟೇಷನ್ ನನಗೆ ಎಲ್ಲಕ್ಕಿಂತ ಪ್ರೀತಿಯದು. ತಂದೆ ತೀರಿಕೊಂಡು ಖಾತೆ ಮಕ್ಕಳ ಹೆಸರಿಗೆ ಬಂದಾಗ ಎರಡು ತಲೆಮಾರು ಒಂದೇ ಹಾಳೆಯಲ್ಲಿ ಸಿಗುತ್ತವೆ. ಇನ್ನೊಂದು ಗಣಿ ಭೂಸುಧಾರಣೆಯ ಕಡತ. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ, ಉಳುತ್ತಿದ್ದವರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿದರು. ಯಾರು ಎಷ್ಟು ವರ್ಷದಿಂದ ಉಳುತ್ತಿದ್ದರು, ಅವರ ಅಪ್ಪ ಯಾರು ಎಂಬ ಹೇಳಿಕೆಗಳು ಆ ಕಡತಗಳಲ್ಲಿರುತ್ತವೆ. ಬೇರೆ ಯಾವ ಕಾಗದದಲ್ಲೂ ಹೆಸರೇ ಇಲ್ಲದ ಬಡ ಮನೆತನಗಳ ಮಾತು ಅಲ್ಲಿ ಮೊದಲ ಬಾರಿಗೆ ಬರಹಕ್ಕೆ ಇಳಿದಿದೆ.

ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ರಯ, ಭೋಗ್ಯ, ವಿಭಾಗ ಪತ್ರಗಳು. ಋಣಭಾರ ಪತ್ರ 2004ರಿಂದೀಚಿನದು ಕಂಪ್ಯೂಟರಿನಲ್ಲಿ ಸಿಗುತ್ತದೆ. ಹಿಂದಿನದಕ್ಕೆ ಕಚೇರಿಗೇ ಹೋಗಿ ಅರ್ಜಿ ಕೊಟ್ಟು ಪುಸ್ತಕಗಳಲ್ಲಿ ಹುಡುಕಿಸಬೇಕು. ವಿಭಾಗ ಪತ್ರದಲ್ಲಿ ಅಣ್ಣತಮ್ಮಂದಿರ ಹೆಸರು ವಯಸ್ಸಿನ ಕ್ರಮದಲ್ಲಿ ಬರುತ್ತದೆ, ವಯಸ್ಸನ್ನೂ ಬರೆದಿರುತ್ತಾರೆ. ಆದರೆ ಆ ವಯಸ್ಸು ಸುಮಾರಿನದು. ಶಾಲೆಯ ದಾಖಲಾತಿ ಪುಸ್ತಕದ ಹುಟ್ಟಿದ ದಿನದ ಬಗ್ಗೆ ಹೇಳುವುದೇ ಬೇಡ. ನಮ್ಮ ಹಿಂದಿನ ತಲೆಮಾರಿನ ಅರ್ಧ ಜನ ಜೂನ್ 1ರಂದು ಮೇಷ್ಟ್ರ ಪೆನ್ನಿನಿಂದ ಹುಟ್ಟಿದವರು.

ತಾತ ಸಂಸ್ಥಾನದ ನೌಕರಿಯಲ್ಲಿದ್ದರೆ ಮೈಸೂರು ಗೆಜೆಟ್ ನೋಡಬೇಕು, ನೇಮಕ, ವರ್ಗಾವಣೆಗಳು ಅದರಲ್ಲಿ ಅಚ್ಚಾಗುತ್ತಿದ್ದವು. ರಾಜ್ಯ ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿ ಮೈಸೂರಿನಲ್ಲೇ ಇದೆ. ಜನಗಣತಿಯಲ್ಲಿ ತಾತನ ಮನೆಯ ವಿವರ ಸಿಗುತ್ತದೆಯೇ ಎಂದು ತುಂಬ ಜನ ಕೇಳುತ್ತಾರೆ. ಸಿಗುವುದಿಲ್ಲ. 1948ರ ಜನಗಣತಿ ಕಾಯಿದೆಯಡಿ ಒಬ್ಬೊಬ್ಬರ ವಿವರ ಗೋಪ್ಯ, ಹೊರಬರುವುದು ಒಟ್ಟು ಅಂಕಿ ಮಾತ್ರ. ಆ ಚೀಟಿ ಬರೆಯಲೇಬೇಡಿ.

ಕಾಗದದಲ್ಲಿ ಸಂವತ್ಸರ ಮಾತ್ರ ಇದೆ, ಇಸವಿ ಇಲ್ಲ. ಅದಕ್ಕೆ ಯಾವ ಬಣ್ಣ?

ಹಳದಿ, ಏಕೆಂದರೆ ಮನೆಯಲ್ಲೇ ಕೂತು ಬಿಡಿಸುವ ಒಗಟು ಅದು. ಸಂವತ್ಸರಗಳು ಅರವತ್ತು, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ನಮ್ಮ ಒಂದು ಜಾತಕದಲ್ಲಿ ಪ್ಲವ ಸಂವತ್ಸರ ಎಂದಿತ್ತು. ಪ್ಲವ ಎಂದರೆ 1901–02, 1961–62, 2021–22. ಹುಟ್ಟಿದವರು ಮುತ್ತಾತನೋ, ಅವರದೇ ಹೆಸರಿಟ್ಟುಕೊಂಡ ಮೊಮ್ಮಗನೋ? ನಮ್ಮ ಕಡೆ ತಾತನ ಹೆಸರು ಮೊಮ್ಮಗನಿಗೆ ಇಡುವುದರಿಂದ ಈ ಗೊಂದಲ ತಪ್ಪಿದ್ದಲ್ಲ. ಪ್ಲೇಗು ಬಂದ ಎರಡು ಮೂರು ವರ್ಷಕ್ಕೆ ಹುಟ್ಟಿದವರು ಎಂಬ ಅಜ್ಜಿಯ ಮಾತು ದಾರಿ ತೋರಿತು. ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟದ್ದು 1898ರಲ್ಲಿ, ಹಾಗಾಗಿ 1901. ಪ್ಲವವನ್ನು ಪ್ಲವಂಗ ಎಂದು ಓದಿಕೊಂಡರೆ ಆರು ವರ್ಷ ತಪ್ಪುತ್ತದೆ, ಎಚ್ಚರ. ಶಕ ವರ್ಷ ಕೊಟ್ಟಿದ್ದರೆ ಸುಲಭ, 78 ಕೂಡಿದರೆ ಇಸವಿ ಸಿಗುತ್ತದೆ. ವರ್ಷದ ಕೊನೆಯ ತಿಂಗಳುಗಳಿಗೆ 79.

ಅಜ್ಜಿಯರ ಕಾಲಗಣನೆಗೆ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿದ್ದೇನೆ. ಧಾತು ಈಶ್ವರ ಬರ 1876–78. ಇನ್‌ಫ್ಲುಯೆಂಜಾ 1918. ಕಾವೇರಿಯ ಮಹಾ ಪ್ರವಾಹ 1924ರ ಜುಲೈ. ಮಂಡ್ಯದ ಸಕ್ಕರೆ ಕಂಪನಿ 1933. ಶಿವಪುರದ ಧ್ವಜ ಸತ್ಯಾಗ್ರಹ 1938ರ ಏಪ್ರಿಲ್. ಕಟ್ಟೆ ಕಟ್ಟುವಾಗ ಎಂದರೆ ಮಾತ್ರ ಇನ್ನೊಂದು ಪ್ರಶ್ನೆ ಕೇಳಬೇಕು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಎರಡು ದಶಕ ನಡೆಯಿತು.

ಹಸಿರು ಚೀಟಿಗಳನ್ನು ಮುಗಿಸುವುದು ಹೇಗೆ?

ಒಂದೊಂದು ಚೀಟಿಗೆ ಒಂದೊಂದು ಸಲ ಹೋಗಬೇಡಿ. ಒಂದೇ ದಿಕ್ಕಿನವು ನಾಲ್ಕೈದು ಸೇರಲಿ. ಜಾತ್ರೆಯ ದಿನ ಹೋದರೆ ಎಲ್ಲರೂ ಸಿಗುತ್ತಾರೆ, ಮಾತಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಜಾತ್ರೆಯ ಮಾರನೆಯ ದಿನ ಉತ್ತಮ, ನೆಂಟರೂ ಇನ್ನೂ ಇರುತ್ತಾರೆ, ಮಿಕ್ಕ ಊಟವೂ ಇರುತ್ತದೆ.

ಮನೆದೇವರು ಯಾವುದು ಎಂಬುದು ಮೊದಲ ಪ್ರಶ್ನೆ. ಜನ ಊರು ಬಿಡುತ್ತಾರೆ, ಮನೆದೇವರನ್ನು ಬಿಡುವುದಿಲ್ಲ. ಮೈಸೂರಿನಲ್ಲಿ ಮೂರು ತಲೆಮಾರಿನಿಂದ ಇದ್ದು, ಮಗುವಿನ ಮುಡಿ ಕೊಡಲು ಇಂದಿಗೂ ದೂರದ ಯಾವುದೋ ಸಣ್ಣ ಗುಡಿಗೆ ಹೋಗುವ ಮನೆಯಾದರೆ ಅವರ ಮೂಲ ಆ ಗುಡಿಯ ಆಸುಪಾಸಿನಲ್ಲೇ ಇರುವ ಸಂಭವ ಹೆಚ್ಚು. ಎರಡನೆಯದು ಹೆಳವರು. ಮನೆ ಮನೆಗೆ ಬಂದು ವಂಶ ಹೊಗಳಿ ದವಸ ಪಡೆಯುವ ಅವರ ಪುಸ್ತಕಗಳಲ್ಲಿ ತಲೆಮಾರುಗಳ ಹೆಸರಿದೆ. ನಿಮ್ಮ ಮನೆಗೆ ಬರುತ್ತಿದ್ದ ಹೆಳವರು ಯಾವ ಊರಿನವರು ಎಂದು ಹಿರಿಯರಲ್ಲಿ ಕೇಳಿ. ಮೂರನೆಯದು ಶಾನುಭೋಗರ ಮನೆ. ವಂಶಪಾರಂಪರ್ಯದ ಗ್ರಾಮಾಧಿಕಾರ 1963ರ ಫೆಬ್ರುವರಿ 1ರಿಂದ ರದ್ದಾಯಿತು, ಆದರೆ ಕೆಲವು ಮನೆಗಳ ಅಟ್ಟದಲ್ಲಿ ಹಳೆಯ ಲೆಕ್ಕಗಳು ಇನ್ನೂ ಇವೆ.

ಊರ ಮುಂದಿನ ವೀರಗಲ್ಲು ನಮ್ಮ ಪೂರ್ವಜನದೇ ಎಂದು ಹೇಳುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಶಾಸನವಿದ್ದರೆ ನಮ್ಮ ನಾಡಿನ ಶಾಸನಗಳನ್ನು ಅಚ್ಚು ಮಾಡಿರುವ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಪಾಠ ನೋಡಿ. ಕಲ್ಲಿನಿಂದ ನಿಮ್ಮವರೆಗೆ ನಡುವಿನ ಹತ್ತು ಹದಿನೈದು ತಲೆಮಾರು ಖಾಲಿಯಿದ್ದರೆ ಅದನ್ನು ವಂಶವೃಕ್ಷಕ್ಕೆ ಸೇರಿಸಬೇಡಿ. ಫೋಟೊ ತೆಗೆದು ಬನ್ನಿ, ಸಾಕು.

ಬೂದು ಚುಕ್ಕೆ ಬೇಕೇ? ಸಿಗದಿದ್ದರೆ ಚೀಟಿ ಹರಿದು ಹಾಕಿದರಾಯಿತಲ್ಲ?

ಹರಿದು ಹಾಕಿದರೆ ಎರಡು ವರ್ಷದ ಮೇಲೆ ಅದೇ ಪುಸ್ತಕವನ್ನು ಮತ್ತೆ ತಿರುವುತ್ತೀರಿ. ನಾನು ಒಂದೇ ಕಚೇರಿಯ ಒಂದೇ ಸೂಚಿಯನ್ನು ಮೂರು ಸಲ ನೋಡಿದ್ದೇನೆ. ಮೂರನೆಯ ಸಲ ಅಲ್ಲಿನ ಗುಮಾಸ್ತರೇ ನೆನಪಿಸಿದರು. ಬೂದು ಚೀಟಿಯ ಹಿಂದೆ ಯಾವ ಪುಸ್ತಕ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಯಾವ ಕಾಗುಣಿತದಲ್ಲಿ ಹುಡುಕಿದೆ ಎಂದು ಬರೆಯಿರಿ. ಕೆಂಚಯ್ಯ ಎಂದು ಹುಡುಕಿ ಸಿಗದವರು ಕೆಂಚೇಗೌಡ ಎಂಬ ಹೆಸರಿನಲ್ಲಿ ಅದೇ ಪುಟದಲ್ಲಿ ಕುಳಿತಿರಬಹುದು.

ನೆಂಟರು ಆಸ್ತಿ ಕೇಳಲು ಬಂದಿದ್ದಾನೆ ಎಂದುಕೊಳ್ಳುತ್ತಾರೆ. ಏನು ಮಾಡಲಿ?

ಅಂದುಕೊಳ್ಳುವುದು ಸಹಜ. ಕೈಯಲ್ಲಿ ಫೈಲು ಹಿಡಿದು, ದೊಡ್ಡಪ್ಪ, ನಿಮ್ಮ ತಾತನಿಗೆ ಎಷ್ಟು ಜನ ಮಕ್ಕಳು ಎಂದರೆ ಯಾರಿಗಾದರೂ ವಕೀಲರ ನೆನಪಾಗುತ್ತದೆ. ಮೇಲಾಗಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ನಾಡಕಚೇರಿಯಿಂದ ಪಡೆಯುವ ಕಾಗದದ ಹೆಸರೂ ವಂಶವೃಕ್ಷವೇ. ಅದಕ್ಕೇ ನಾನು ಆ ಪದವನ್ನು ಊರಿನಲ್ಲಿ ಬಳಸುವುದಿಲ್ಲ, ಹಳೆಯವರ ಕಥೆ ಬರೆಯುತ್ತಿದ್ದೇನೆ ಎನ್ನುತ್ತೇನೆ. ಮೊದಲ ಭೇಟಿಗೆ ನೀಲಿ ಚೀಟಿಗಳನ್ನು ಒಯ್ಯುವುದೇ ಇಲ್ಲ. ಹಳೆಯ ಫೋಟೊ ಒಂದನ್ನು ಒಯ್ದು ಅದರಲ್ಲಿರುವವರು ಯಾರು ಎಂದು ಕೇಳಿದರೆ ಸಾಕು, ಮಾತು ತಾನಾಗಿಯೇ ಹರಿಯುತ್ತದೆ.

ವ್ಯವಹಾರದ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟಿರುವುದು ಉಂಟು. ಅದನ್ನೇ ಪ್ರಮಾಣ ಎಂದು ನಕಲು ಮಾಡಿಕೊಂಡರೆ ನಿಮ್ಮ ಇತಿಹಾಸದಲ್ಲಿ ಅತ್ತೆಯಂದಿರೇ ಇರುವುದಿಲ್ಲ. ಅವರಿಗಾಗಿ ಮತ್ತೆ ಮುಯ್ಯಿ ಪುಸ್ತಕಕ್ಕೇ ಬರಬೇಕು.

ಮೂಲ ಕಾಗದಗಳ ಮೇಲೆ ಬಣ್ಣ ಹಚ್ಚಬಹುದೇ?

ಬೇಡವೇ ಬೇಡ. ಹೈಲೈಟರ್, ಸ್ಕೆಚ್ ಪೆನ್, ಸ್ಟಿಕ್ಕರು, ಸೆಲ್ಲೋಟೇಪು ಯಾವುದೂ ಬೇಡ. ಲ್ಯಾಮಿನೇಷನ್ ಕೂಡ ಬೇಡ, ಆಮೇಲೆ ಬಿಡಿಸಲು ಬರುವುದಿಲ್ಲ. ಮೂಲವನ್ನು ಲಕೋಟೆಯಲ್ಲಿಟ್ಟು ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಅಂಕಿ ಬರೆಯಿರಿ. ಬಣ್ಣವೇನಿದ್ದರೂ ಚೀಟಿಗೆ.

ಕಂಪ್ಯೂಟರಿನಲ್ಲಿ ಮಾಡಿದರೆ ಆಗದೇ?

ಆಗುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ಕೆಲಸ, ಸ್ಥಳ, ಸ್ಥಿತಿ, ತಾರೀಕು ಎಂದು ನಾಲ್ಕು ಕಾಲಂ ಸಾಕು. ಆದರೆ ಮನೆ, ಕಚೇರಿ, ಊರು ಎಂಬ ಪದವನ್ನು ಕಾಲಂನಲ್ಲಿ ಬರೆದು, ಆ ಪದ ನೋಡಿ ಬಣ್ಣ ತಾನಾಗಿ ಬೀಳುವಂತೆ ಹೊಂದಿಸಿ. ಬರೀ ಬಣ್ಣ ತುಂಬಿದರೆ ಕಡತವನ್ನು ಸಾದಾ ಪಠ್ಯವಾಗಿ ಉಳಿಸಿದ ದಿನ ಎಲ್ಲವೂ ಬೆಳ್ಳಗಾಗುತ್ತದೆ. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ. ಮೊಬೈಲಿನಲ್ಲಿರುವುದು ನನಗೆ, ಚೀಟಿಗಳು ಅವ್ವನಿಗೆ. ಹಳದಿ ಚೀಟಿಗಳ ಅರ್ಧಕ್ಕೂ ಹೆಚ್ಚು ಕೆಲಸ ಮುಗಿಸಿದವರು ಅವರು, ಬೆಳಗಿನ ಕಾಫಿಯ ಹೊತ್ತಿನಲ್ಲಿ ಒಂದೊಂದು ಫೋನಿನಂತೆ.

ಕೆಂಪು, ಹಸಿರು ಬೇರೆಬೇರೆಯಾಗಿ ಕಾಣದವರು ಏನು ಮಾಡಬೇಕು?

ಚೀಟಿಯ ಮೂಲೆಯಲ್ಲಿ ಅಕ್ಷರವನ್ನೂ ಬರೆಯಿರಿ: ಮನೆಗೆ ಮ, ಕಚೇರಿಗೆ ಕ, ಊರಿಗೆ ಊ. ಚುಕ್ಕೆಯ ಬದಲು ಮೂಲೆ ಮಡಚಿದರೂ ಆದೀತು. ಕಣ್ಣು ಸರಿಯಿದ್ದವರಿಗೂ ಇದು ಬೇಕು, ಜೆರಾಕ್ಸ್ ಮಾಡಿದರೆ ಎಲ್ಲ ಬಣ್ಣವೂ ಬೂದು.

ಈ ಬಣ್ಣಗಳ ಅರ್ಥ ನನ್ನ ನಂತರ ಯಾರಿಗೆ ತಿಳಿಯುತ್ತದೆ?

ಟ್ರಂಕಿನ ಮುಚ್ಚಳದ ಒಳಮೈಗೆ ಒಂದು ಹಾಳೆ ಅಂಟಿಸಿದ್ದೇನೆ. ಮೂರು ಬಣ್ಣ, ಎರಡು ಚುಕ್ಕೆ, ಪಕ್ಕದಲ್ಲಿ ಅರ್ಥ. ಕೆಳಗೆ ಇಂದಿಗೆ ಕೆಂಪು ಚುಕ್ಕೆ ಇರುವ ಮೂವರ ಹೆಸರು ಮತ್ತು ಅವರ ಮನೆಗೆ ಹೋಗುವ ಬಸ್ಸಿನ ಹೊತ್ತು. ಆ ಕೆಳಗಿನ ಭಾಗವನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದಿದ್ದೇನೆ.